ಯೋಗಕ್ಷೇಮದ ಲೆಕ್ಕ : ನೆಲೆಯಿಲ್ಲದ ತರುಣರನ್ನು ಕುರಿತು ಒಂದು ಪಾಠ

ಊರಿಗೆ ಕಾಗದ ಬರೆಯುವವರು ಹಿಂದೆ ‘ಉಭಯ ಕುಶಲೋಪರಿ’ ಎಂದು ಪ್ರಾರಂಭಿಸಿ, ‘ಇಲ್ಲಿ ನಾವು ಕ್ಷೇಮ, ನಿಮ್ಮ ಕ್ಷೇಮಕ್ಕೆ ಆಗಾಗ ಕಾಗದ ಬರೆಯುತ್ತಿರಬೇಕು’ ಎಂದು ಮುಂದುವರಿಸುವುದು ವಾಡಿಕೆಯಾಗಿತ್ತು. ಈಗ ಕಾಗದ ಹೋಗಿ ಫೋನು ಬಂದಿದೆ. ಆ ಸಾಲು ಮಾತ್ರ ಹೋಗಿಲ್ಲ. ಹತ್ತೊಂಬತ್ತರ ಪ್ರಾಯದ ಹುಡುಗನೊಬ್ಬ ಕೆಲಸ ಬಿಟ್ಟು ನಾಲ್ಕು ದಿನ ಸ್ಟೇಶನ್ನಿನ ಬೆಂಚಿನ ಮೇಲೆ ಕಳೆದರೂ, ತಾಯಿ ಕೇಳಿದಾಗ ‘ಆರಾಮ ಇದ್ದೇನೆ’ ಎಂದೇ ಹೇಳುತ್ತಾನೆ. ಅವನು ಸುಳ್ಳುಗಾರನೆಂದಲ್ಲ. ದೂರದಲ್ಲಿರುವ ತಾಯಿಗೆ ನಿಜವನ್ನು ಹೇಳಿ ಆಗುವುದೇನು ಎಂಬುದು ಅವನ ಲೆಕ್ಕ. ಆದುದರಿಂದ ನಮ್ಮಂಥವರ ಊರಿನಲ್ಲಿ ಕ್ಷೇಮವನ್ನು ಕೇಳಿ ತಿಳಿಯುವುದಕ್ಕೆ ಬೇರೊಂದು ದಾರಿ ಬೇಕಾಗುತ್ತದೆ. ತರುಣರ ಯೋಗಕ್ಷೇಮವನ್ನು ಅಳೆಯುವ ವಿಷಯವಾಗಿ ವಿದ್ವಾಂಸರು ಮಾಡಿರುವ ಕೆಲಸವು ತಲೆಯ ಮೇಲೆ ಸೂರಿಲ್ಲದ ತರುಣರಿಗೆ ಹೇಗೆ ಉಪಯೋಗವಾದೀತು ಎಂಬುದನ್ನು ಈ ಪಾಠದಲ್ಲಿ ನೋಡೋಣ.

‘ಯೋಗಕ್ಷೇಮ’ ಎಂಬ ನಮ್ಮ ಮಾತೇ ಇಲ್ಲಿ ಒಳ್ಳೆಯ ಕೈಗನ್ನಡಿ. ಇಲ್ಲದ್ದನ್ನು ದೊರಕಿಸಿಕೊಳ್ಳುವುದು ಯೋಗ; ದೊರೆತದ್ದನ್ನು ಕಾಪಾಡಿಕೊಳ್ಳುವುದು ಕ್ಷೇಮ. ಮುಂಬಯಿಗೆ ಬರುವ ಹುಡುಗನಿಗೆ ಯೋಗ ಬೇಗ ಸಿಗುತ್ತದೆ. ಯಾರಾದರೊಬ್ಬ ಮಾವ, ಯಾರಾದರೊಬ್ಬ ಊರವ ಕರೆದುಕೊಂಡು ಬಂದು ಕೆಲಸಕ್ಕೆ ಸೇರಿಸುತ್ತಾನೆ. ಕ್ಷೇಮವೇ ಕಷ್ಟ.

ಮೊದಲು, ನೆಲೆಯಿಲ್ಲದವನೆಂದರೆ ಯಾರು? ಜನಗಣತಿಯವರ ವ್ಯಾಖ್ಯೆ ಸರಳವಾದುದು: ಕಟ್ಟಡದಲ್ಲಿ ವಾಸಿಸದೆ ರಸ್ತೆಯ ಬದಿ, ಫುಟ್‌ಪಾತು, ದೊಡ್ಡ ಪೈಪು, ಮೇಲ್ಸೇತುವೆಯ ಅಡಿ, ರೈಲ್ವೆ ಪ್ಲಾಟ್‌ಫಾರ್ಮು, ದೇವಸ್ಥಾನದ ಮಂಟಪ ಮೊದಲಾದ ಕಡೆ ಮಲಗುವವರು. 2011 ರ ಜನಗಣತಿಯಲ್ಲಿ ದೇಶದಲ್ಲಿ ಇಂಥವರು 17 ಲಕ್ಷ 73 ಸಾವಿರದಷ್ಟು. ಬೃಹನ್ಮುಂಬಯಿಯಲ್ಲಿ 57 ಸಾವಿರಕ್ಕೂ ಮೇಲೆ. ಮಕ್ಕಳನ್ನೇ ಬೇರೆಯಾಗಿ ಎಣಿಸಿದ ಕೆಲಸವೂ ಒಂದುಂಟು. ಟಾಟಾ ಸಮಾಜ ವಿಜ್ಞಾನ ಸಂಸ್ಥೆಯೂ ಆ್ಯಕ್ಷನ್‌ಏಡ್ ಸಂಸ್ಥೆಯೂ ಕೂಡಿ ನಡೆಸಿ 2013 ರಲ್ಲಿ ಪ್ರಕಟಿಸಿದ ಗಣತಿಯಂತೆ ಮುಂಬಯಿಯ ಬೀದಿಗಳಲ್ಲಿ 37,059 ಮಕ್ಕಳಿದ್ದರು. ಇವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ತಮ್ಮ ಕುಟುಂಬದೊಡನೆಯೇ ಇದ್ದವರು ಎಂಬುದು ಗಮನಿಸತಕ್ಕ ಸಂಗತಿ. ಸಿನಿಮಾ ನೋಡಿದ ನಮಗೆ ಬೀದಿಯ ಹುಡುಗನೆಂದರೆ ತಂದೆತಾಯಿಗಳಿಲ್ಲದ ಒಬ್ಬಂಟಿ ಎಂದು ತೋರುವುದು ಸಹಜ. ಎಣಿಸಿ ನೋಡಿದರೆ ಚಿತ್ರವೇ ಬೇರೆ.

ಆದರೆ ಬೊರಿವಲಿಯಲ್ಲಿರುವ ನಾವು ಕಾಣುವ ತರುಣರಲ್ಲಿ ಹೆಚ್ಚಿನವರು ಈ ಎರಡು ಎಣಿಕೆಗಳಲ್ಲಿಯೂ ಸಿಗತಕ್ಕವರಲ್ಲ. ಹೋಟೆಲಿನ ಬಾಗಿಲು ಹಾಕಿದ ಮೇಲೆ ಮೇಜುಗಳನ್ನು ಸರಿಸಿ ನೆಲದ ಮೇಲೆ ಬಿಸ್ತರ ಹಾಸುವವನು ‘ಕಟ್ಟಡದಲ್ಲಿ’ ಇದ್ದಾನೆ. ಹೊಸ ಕಟ್ಟಡದ ಗೋಡೆಯಿಲ್ಲದ ಎರಡನೆಯ ಮಾಳಿಗೆಯಲ್ಲಿ ಸಿಮೆಂಟಿನ ಚೀಲ ಹಾಸಿ ಮಲಗುವ ಯಾದಗಿರಿ ಕಡೆಯ ಹುಡುಗನೂ ಕಟ್ಟಡದಲ್ಲಿಯೇ ಇದ್ದಾನೆ. ಇವತ್ತು ಒಬ್ಬ ಗೆಳೆಯನ ಖೋಲಿ, ನಾಳೆ ಇನ್ನೊಬ್ಬನ ಖೋಲಿ ಎಂದು ಚೀಲ ಹಿಡಿದು ತಿರುಗುವ ಗುಮಾಸ್ತನಂತೂ ದಿನಾಲು ಇಸ್ತ್ರಿ ಮಾಡಿದ ಷರ್ಟು ಹಾಕಿಕೊಂಡು ಆಫೀಸಿಗೆ ಹೋಗುತ್ತಾನೆ. ಅವನಿಗೆ ಮನೆಯಿಲ್ಲವೆಂದು ಯಾರು ಹೇಳಬೇಕು?

ಇಲ್ಲಿ ಒಂದು ಸಂಗತಿಯನ್ನು ಬಿಡಿಸಿ ಹೇಳಬೇಕು. ಈ ಹುಡುಗರಿಗೆ ಹಾಸಿಗೆಯೂ ಕೆಲಸವೂ ಒಂದೇ ಗಂಟಿನಲ್ಲಿವೆ. ಸಂಬಳದಲ್ಲಿ ಊಟ-ವಸತಿ ಸೇರಿದೆ ಎಂದು ಕೆಲಸಕ್ಕೆ ಸೇರಿಸಿಕೊಂಡಾಗ ಅದು ಉಪಕಾರವೆಂದೇ ತೋರುತ್ತದೆ, ನಿಜವಾಗಿಯೂ ಉಪಕಾರವೇ ಹೌದು. ಈ ಊರಿನಲ್ಲಿ ಡಿಪಾಜಿಟ್ಟು, ದಲಾಲಿ, ಹನ್ನೊಂದು ತಿಂಗಳ ಕರಾರು ಇವನ್ನೆಲ್ಲ ಹೊಸ ಹುಡುಗನೊಬ್ಬ ಎಲ್ಲಿಂದ ತರಬೇಕು? ಆದರೆ ಧಣಿಯೊಡನೆ ಒಂದು ಮಾತು ಹೆಚ್ಚುಕಡಿಮೆಯಾಯಿತೆಂದರೆ, ಜ್ವರ ಬಂದು ಎಂಟು ದಿನ ಏಳಲಾಗದಿದ್ದರೆ, ಅಂಗಡಿ ಮಾರಾಟವಾದರೆ, ಹಳೆಯ ಕಟ್ಟಡ ಕೆಡವುವುದಕ್ಕೆ ನೋಟೀಸು ಬಂದರೆ, ಬೆಳಿಗ್ಗೆ ಕೆಲಸ ಹೋದವನಿಗೆ ಅದೇ ರಾತ್ರಿ ಹಾಸಿಗೆಯೂ ಹೋಯಿತು. ಸಂಸಾರಸ್ಥನಿಗೆ ಕೆಲಸ ಹೋದರೆ ಮನೆ ಹೋಗುವುದಕ್ಕೆ ತಿಂಗಳುಗಳಾದರೂ ಬೇಕು. ಇವನಿಗೆ ಹನ್ನೆರಡು ಗಂಟೆ ಸಾಕು. ಆ ಹೆದರಿಕೆಯಿಂದಲೇ ಅವನು ಬೈಗುಳವನ್ನೂ ಬಾಕಿ ಉಳಿದ ಸಂಬಳವನ್ನೂ ನುಂಗಿಕೊಂಡು ಇರುತ್ತಾನೆ. ಇದನ್ನು ನೆಲೆ ಎನ್ನುವುದಕ್ಕಿಂತ ನೆಲೆಯ ಸಾಲ ಎನ್ನುವುದು ಮೇಲು ಎಂದು ನಮ್ಮ ಅಭಿಪ್ರಾಯ.

ಹಳಬರು ಇದನ್ನು ಅರಿಯದೆ ಇರಲಿಲ್ಲ. ಗೋವೆಯಿಂದ ಹಡಗಿನ ಕೆಲಸಕ್ಕೆ ಬರುತ್ತಿದ್ದವರು ಧೋಬಿ ತಲಾವ್, ಮಜಗಾಂವ್ ಮೊದಲಾದ ಕಡೆ ‘ಕೂಡ್’ ಎಂಬ ವಸತಿಗಳನ್ನು ಕಟ್ಟಿಕೊಂಡಿದ್ದರು. ಒಂದೊಂದು ಹಳ್ಳಿಗೆ ಒಂದೊಂದು ಕೂಡ್. ಹಡಗಿನಿಂದ ಇಳಿದವನಿಗೆ ಟ್ರಂಕು ಇಡಲು ಜಾಗ, ಚಾಪೆ ಹಾಸಲು ಜಾಗ, ಅಲ್ಪ ಬಾಡಿಗೆ. ಕೆಲಸ ಇದ್ದರೂ ಇಲ್ಲದಿದ್ದರೂ ಊರಿನವನೆಂಬುದೇ ಅವನ ಹಕ್ಕು. ಗಿರಣಗಾಂವಿನಲ್ಲಿ ಕೊಂಕಣದ ಗಿರಣಿ ಕಾರ್ಮಿಕರು ಊರಿನವರೆಲ್ಲ ಸೇರಿ ಹಿಡಿದ ಖೋಲಿಗಳಲ್ಲಿ ಪಾಳಿಯ ಮೇಲೆ ಮಲಗುತ್ತಿದ್ದುದೂ ಇದೇ ಬಗೆಯದು. ನಮ್ಮ ಕನ್ನಡಿಗರಲ್ಲಿ, ಮುಖ್ಯವಾಗಿ ದಕ್ಷಿಣ ಕನ್ನಡದಿಂದ ಬಂದವರಲ್ಲಿ, ಆ ಕೆಲಸವನ್ನು ಬಹುಮಟ್ಟಿಗೆ ರಾತ್ರಿಶಾಲೆಗಳು ಮಾಡಿದುವು. ಮೊಗವೀರರ, ಬಿಲ್ಲವರ ಸಂಘಗಳೂ ಇತರ ಕನ್ನಡ ಸಂಸ್ಥೆಗಳೂ ನಡೆಸಿದ ಈ ಶಾಲೆಗಳಲ್ಲಿ ಹಗಲು ಕಪ್ಪು-ಬಸಿ ತೊಳೆದ ಹುಡುಗ ರಾತ್ರಿ ಬೀಜಗಣಿತ ಕಲಿತ. ಕಲಿತ ಪಾಠದಷ್ಟೇ ಮುಖ್ಯವಾದ ಇನ್ನೊಂದು ಸಂಗತಿಯುಂಟು. ಎರಡು ದಿನ ಹುಡುಗ ಬಾರದಿದ್ದರೆ ‘ಎಲ್ಲಿ ಹೋದ?’ ಎಂದು ಕೇಳುವ ಮಾಸ್ತರರೊಬ್ಬರಿದ್ದರು. ಹಾಜರಿ ಪುಸ್ತಕ ಎಂಬುದು ಬಡವರ ಕ್ಷೇಮಸಮಾಚಾರವಾಗಿತ್ತು.

ಹಾಗೆಂದು ಹಳೆಯ ಕಾಲವನ್ನು ಹೊಗಳಿ ಕೂಡ್ರುವುದು ಸಲ್ಲದು. ಆ ಹೋಟೆಲುಗಳಲ್ಲಿ ಹತ್ತು-ಹನ್ನೊಂದರ ಮಕ್ಕಳೂ ದುಡಿದರು. 2006 ರ ಅಕ್ಟೋಬರ್ 10 ರಿಂದ ಹೋಟೆಲು, ಢಾಬಾ ಹಾಗೂ ಮನೆಗೆಲಸಗಳಲ್ಲಿ ಹದಿನಾಲ್ಕಕ್ಕಿಂತ ಕಡಿಮೆ ಪ್ರಾಯದವರನ್ನು ಇಟ್ಟುಕೊಳ್ಳುವುದು ಅಪರಾಧವಾಯಿತು, ಆಗಬೇಕಾದುದೇ.

ಇನ್ನು ಸಂಶೋಧನೆಯ ಮಾತು. ಹವಾಯಿ ದ್ವೀಪಗಳಲ್ಲಿ ಕೌವಾಯಿ ಎಂಬುದೊಂದು. ಅಲ್ಲಿ 1955 ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಎಂಬ ವಿದುಷಿಯೂ ಅವರ ಜೊತೆಗಾರರೂ ನಡುವಯಸ್ಸಿನವರೆಗೂ ಬಿಡದೆ ಗಮನಿಸಿದರು. ಬಡತನ, ಮನೆಯ ಜಗಳ, ಕುಡಿತ ಇವುಗಳ ನಡುವೆ ಬೆಳೆದ ಮಕ್ಕಳಲ್ಲಿ ಸುಮಾರು ಮೂರರಲ್ಲೊಂದು ಪಾಲು ಚೆನ್ನಾಗಿಯೇ ಬೆಳೆದು ಬಾಳಿದರು. ಅವರಿಗೆ ಇದ್ದದ್ದೇನು ಎಂದು ನೋಡಿದರೆ ಮತ್ತೆ ಮತ್ತೆ ಕಂಡುಬಂದದ್ದು ತಂದೆತಾಯಿಗಳಲ್ಲದಿದ್ದರೂ ತಮ್ಮವರೆಂದು ನಿಂತ ಒಬ್ಬ ಹಿರಿಯರು: ಅಜ್ಜಿ, ಚಿಕ್ಕಮ್ಮ, ನೆರೆಯವರು, ಮಾಸ್ತರರು. ರಾತ್ರಿಶಾಲೆಯ ಮಾಸ್ತರರ ಬೆಲೆ ಏನೆಂಬುದಕ್ಕೆ ಕಡಲಾಚೆಯಿಂದ ಬಂದ ಸಾಕ್ಷಿ ಇದು.

ಎರಡನೆಯದು ನಮ್ಮ ರಾಯಚೂರಿನದು. 1992 ರಲ್ಲಿ ಅಲ್ಲಿ ಹುಟ್ಟಿದ ‘ಸಾಥಿ’ ಎಂಬ ಸಂಸ್ಥೆ ಮನೆ ಬಿಟ್ಟು ಓಡಿಬಂದು ರೈಲ್ವೆ ಪ್ಲಾಟ್‌ಫಾರ್ಮಿನಲ್ಲಿ ಇಳಿಯುವ ಮಕ್ಕಳನ್ನು ಕಂಡು ಮಾತನಾಡಿಸಿ ಮನೆಗೆ ಮುಟ್ಟಿಸುವ ಕೆಲಸವನ್ನು ಹಿಡಿಯಿತು. ರಾಯಚೂರು, ವಾಡಿ, ಸೊಲ್ಲಾಪುರ, ಮುಂಬಯಿ ಎಂಬುದು ಒಂದೇ ರೈಲುದಾರಿಯಾದ್ದರಿಂದ ಈ ಕೆಲಸ ನಮಗೆ ದೂರದ್ದಲ್ಲ. ಇವರ ಅನುಭವದ ಮೇಲೆ ಮಾಲ್ಕಂ ಹಾರ್ಪರ್ ಮತ್ತು ಲಲಿತಾ ಅಯ್ಯರ್ ಬರೆದ ಪುಸ್ತಕ 2013 ರಲ್ಲಿ ಬಂದಿದೆ. ಮಕ್ಕಳು ಓಡಿಬರುವುದು ಬರಿಯ ಬಡತನದಿಂದಲ್ಲ. ಹೊಡೆತ, ಪರೀಕ್ಷೆಯಲ್ಲಿ ನಪಾಸು, ಮಲತಾಯಿಯ ಜಗಳ, ಪಟ್ಟಣ ನೋಡುವ ಆಸೆ, ಎಲ್ಲವೂ ಉಂಟು. ಎಲ್ಲಕ್ಕಿಂತ ಮುಖ್ಯವಾದ ಪಾಠವೆಂದರೆ ಕಾಲದ್ದು. ಇಳಿದ ಮೊದಲ ಗಂಟೆಗಳಲ್ಲಿ, ಮೊದಲ ದಿನಗಳಲ್ಲಿ ಸಿಕ್ಕಿದ ಹುಡುಗ ಮನೆಗೆ ಮರಳುವುದು ಸುಲಭ. ಪ್ಲಾಟ್‌ಫಾರ್ಮಿನಲ್ಲಿ ಗುಂಪು ಸೇರಿ, ನಾಲ್ಕು ಕಾಸು ಕಂಡು, ಸೊಲ್ಯೂಶನ್ನಿನ ವಾಸನೆಗೆ ಒಗ್ಗಿಕೊಂಡ ಮೇಲೆ ಅದೇ ಹುಡುಗನನ್ನು ಮನೆಯ ಕಡೆ ತಿರುಗಿಸಲು ವಾರಗಟ್ಟಲೆ ಶಿಬಿರದಲ್ಲಿಟ್ಟುಕೊಂಡು ತಿದ್ದಬೇಕಾಗುತ್ತದೆ. ಬೆಂಗಳೂರಿನಲ್ಲಿ 1980 ರಿಂದ ನಡೆದುಬಂದ ಓಣಿಯವರ ಸೇವಾ ಕೂಟದ ಹೆಸರನ್ನೂ ಇಲ್ಲಿ ನೆನೆಯಬೇಕು. ಅನಾಥರು, ಪೋಕರಿಗಳು ಎಂಬ ಹೆಸರಿಗಿಂತ ‘ಓಣಿಯವರು’ ಎಂಬ ಹೆಸರು ಎಷ್ಟು ಹಿತವಾದುದು!

ಮೂರನೆಯದು ಆಸ್ಟ್ರೇಲಿಯದ ಗೀಲಾಂಗ್ ಪಟ್ಟಣದ್ದು. ಅಲ್ಲಿಯವರು ತರುಣನು ಬೀದಿಗೆ ಬೀಳುವವರೆಗೆ ಕಾಯಲಿಲ್ಲ. ಶಾಲೆಯ ಎಲ್ಲ ವಿದ್ಯಾರ್ಥಿಗಳಿಗೂ ಒಂದು ಪ್ರಶ್ನಾವಳಿ ಕೊಟ್ಟು, ಮನೆಯಲ್ಲಿ ಹೇಗಿದೆ, ಹೊಂದಿಕೆ ಉಂಟೇ, ಓಡಿಹೋಗಬೇಕೆನಿಸುತ್ತದೆಯೇ, ಮನಸ್ಸು ಹೇಗಿದೆ ಎಂದು ಕೇಳಿದರು. ಉತ್ತರಗಳಲ್ಲಿ ಅಪಾಯ ಕಂಡವರನ್ನು ಏಕಾಂತದಲ್ಲಿ ಮಾತನಾಡಿಸಿ, ಮನೆಯವರನ್ನೂ ಕೂಡಿಸಿ, ಬೇಕಾದ ನೆರವು ಕೊಟ್ಟರು. ಕೆಲವೇ ವರ್ಷಗಳಲ್ಲಿ ನೆಲೆ ತಪ್ಪುವ ತರುಣರ ಸಂಖ್ಯೆ ಸುಮಾರು ಶೇಕಡ 40 ರಷ್ಟು ಇಳಿಯಿತು. ಕೆನಡಾದಲ್ಲಿ 2016 ರಲ್ಲಿ ನೆಲೆಯಿಲ್ಲದ 1,103 ತರುಣರನ್ನು ಕೇಳಿದಾಗ, ನೂರಕ್ಕೆ ನಲವತ್ತು ಮಂದಿ ಹದಿನಾರು ತುಂಬುವ ಮೊದಲೇ ಒಮ್ಮೆ ಮನೆ ಕಳೆದುಕೊಂಡಿದ್ದರು ಎಂದು ತಿಳಿದುಬಂತು. ಬೀದಿಯಲ್ಲಿ ಕಾಣುವ ಇಪ್ಪತ್ತರ ತರುಣನ ಕಥೆ ಬೀದಿಯಲ್ಲಿ ಮೊದಲಾದುದಲ್ಲ. ಆದುದರಿಂದ ಮುಂಚೆಯೇ ಕೇಳುವುದು ಲಾಭ.

ಹೇಗೆ ಕೇಳಬೇಕು? ವಿಶ್ವ ಆರೋಗ್ಯ ಸಂಸ್ಥೆಯ ಹೆಸರಿನಲ್ಲಿ 1998 ರಿಂದ ಬಳಕೆಯಲ್ಲಿರುವ ಐದು ಪ್ರಶ್ನೆಗಳ ಒಂದು ಅಳತೆಗೋಲು ಇದೆ. ಅದನ್ನು ಕಲಿಯಲು ಡಾಕ್ಟರಾಗಬೇಕಿಲ್ಲ. ಕಳೆದ ಎರಡು ವಾರಗಳ ವಿಷಯವಾಗಿ ಮಾತ್ರ ಕೇಳುವುದು: ಮನಸ್ಸು ಉಲ್ಲಾಸದಿಂದ ಇತ್ತೇ, ಮನಸ್ಸಿಗೆ ನೆಮ್ಮದಿ, ಸಮಾಧಾನ ಇತ್ತೇ, ಮೈಯಲ್ಲಿ ಚಟುವಟಿಕೆ, ಕಸುವು ಇತ್ತೇ, ಬೆಳಿಗ್ಗೆ ಎದ್ದಾಗ ವಿಶ್ರಾಂತಿ ಸಿಕ್ಕಿದಂತೆ ಇತ್ತೇ, ದಿನದ ಬಾಳಿನಲ್ಲಿ ಮನಸ್ಸು ಹಿಡಿಯುವ ಸಂಗತಿಗಳು ಇದ್ದುವೇ. ‘ಯಾವಾಗಲೂ ಇತ್ತು’ ಎಂದರೆ 5 ಅಂಕ, ‘ಒಮ್ಮೆಯೂ ಇಲ್ಲ’ ಎಂದರೆ 0, ನಡುವೆ ತಕ್ಕಂತೆ. ಐದನ್ನೂ ಕೂಡಿಸಿದರೆ ಹೆಚ್ಚೆಂದರೆ 25 ಆಗುತ್ತದೆ. ಅದನ್ನು 4 ರಿಂದ ಗುಣಿಸಿದರೆ ನೂರರ ಲೆಕ್ಕ. ಕೂಡಿಸಿದ ಮೊತ್ತ 13 ಕ್ಕಿಂತ ಕಡಿಮೆಯಾದರೆ ಯೋಗಕ್ಷೇಮ ಚೆನ್ನಾಗಿಲ್ಲವೆಂದೂ, ನೂರರ ಲೆಕ್ಕದಲ್ಲಿ 28 ಅಥವಾ ಅದಕ್ಕೂ ಕೆಳಗೆ ಬಂದರೆ ಖಿನ್ನತೆಯ ಕಾಯಿಲೆ ಇರಬಹುದಾದ್ದರಿಂದ ವೈದ್ಯರಿಗೆ ತೋರಿಸಬೇಕೆಂದೂ ತಿಳಿಯುವುದು.

ಒಂದು ಉದಾಹರಣೆ ಮಾಡೋಣ. ಒಬ್ಬ ಹುಡುಗನ ಉತ್ತರಗಳು ಕ್ರಮವಾಗಿ 3, 2, 3, 0, 1 ಎಂದಿಟ್ಟುಕೊಳ್ಳಿ. ಮೊತ್ತ 9, ನೂರರ ಲೆಕ್ಕದಲ್ಲಿ 36. ಕಾಯಿಲೆಯ ಗೆರೆಗಿಂತ ಮೇಲಿದ್ದಾನೆ, ಆದರೆ ಕ್ಷೇಮವಾಗಿಲ್ಲ. ಈಗ ಮೊತ್ತವನ್ನು ಬಿಟ್ಟು ನಾಲ್ಕನೆಯ ಅಂಕವನ್ನು ನೋಡಿ, ಅದು ಸೊನ್ನೆ. ಹದಿನೈದು ದಿನಗಳಲ್ಲಿ ಒಂದು ಬೆಳಿಗ್ಗೆಯೂ ಹಗುರವಾಗಿ ಎದ್ದಿಲ್ಲ. ಉಲ್ಲಾಸ ಸಾಧಾರಣ ಇದ್ದು ನಿದ್ರೆ ಮಾತ್ರ ಇಲ್ಲದ ತರುಣನನ್ನು ಕಂಡರೆ, ‘ಎಲ್ಲಿ ಮಲಗುತ್ತೀ?’ ಎಂಬುದೇ ಮುಂದಿನ ಪ್ರಶ್ನೆಯಾಗಬೇಕು. ಇದು ಆ ಅಳತೆಗೋಲಿನಲ್ಲಿ ಬರೆದದ್ದಲ್ಲ. ಮುಂಬಯಿಯಲ್ಲಿ ಇರುವ ನಮ್ಮ ಓದು.

ಕೇಳುವ ಧಾಟಿಯೂ ಮುಖ್ಯ. ಕೈಯಲ್ಲಿ ಕಾಗದ ಪೆನ್ಸಿಲು ಹಿಡಿದು ಕೂತರೆ ಹುಡುಗ ಪೊಲೀಸು ಬಂದನೆಂದೇ ತಿಳಿಯುತ್ತಾನೆ. ಕಲಬುರಗಿ ಕಡೆಯವನಾದರೆ ‘ಯಾಕ್ ತಮ್ಮಾ, ಮುಂಜಾನಿ ಎದ್ದಾಗ ಮೈ ಹಗುರ ಅನಸ್ತದೇನು?’ ಎಂದು ಕೇಳಬೇಕು. ಕುಂದಾಪುರದವನಾದರೆ ‘ರಾತ್ರಿ ನಿದ್ರೆ ಬಂತಾ ಮಾಣಿ?’ ಎನ್ನಬೇಕು. ಅವನ ಊರಿನ ಮಾತು ಕಿವಿಗೆ ಬಿದ್ದರೆ ಅರ್ಧ ಉತ್ತರ ಆಗಲೇ ಬಂದಹಾಗೆ. ಮತ್ತು ಒಂದು ಎಚ್ಚರಿಕೆ: ಅಂಕಗಳನ್ನು ಹೆಸರಿನ ಜೊತೆ ಬರೆದಿಡಬಾರದು, ಧಣಿಗೆ ಹೇಳಬಾರದು, ಊರಿಗೆ ಅವನ ಒಪ್ಪಿಗೆಯಿಲ್ಲದೆ ಫೋನು ಮಾಡಬಾರದು. ಕೇಳಿದ ಮೇಲೆ ಏನನ್ನೂ ಮಾಡದೆ ಬಿಡುವುದಾದರೆ ಕೇಳದಿರುವುದೇ ವಾಸಿ.

ನಮ್ಮ ನಾಡಿನಲ್ಲಿ ಇಂಥ ವಿಚಾರಣೆಯನ್ನು ದೊಡ್ಡ ರೀತಿಯಲ್ಲಿ ಮಾಡಿದವರುಂಟು. ಕರ್ನಾಟಕ ಸರಕಾರದ ಯುವಜನ ಇಲಾಖೆಯೂ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೂ ಕೂಡಿ ಆರಂಭಿಸಿದ ‘ಯುವ ಸ್ಪಂದನ’ದಲ್ಲಿ ಜಿಲ್ಲೆ ಜಿಲ್ಲೆಗೂ ಕೇಂದ್ರಗಳನ್ನು ತೆರೆದರು. ಹಳ್ಳಿಯ ತರುಣ ತರುಣಿಯರನ್ನೇ ‘ಯುವ ಪರಿವರ್ತಕ’ರೆಂದು ತರಬೇತಿ ಮಾಡಿ, ಆರೋಗ್ಯ, ಓದು, ಸಂಬಂಧಗಳು, ಸುರಕ್ಷತೆ ಮೊದಲಾದ ವಿಷಯಗಳಲ್ಲಿ ತಮ್ಮ ಓರಗೆಯವರ ಜೊತೆ ಮಾತನಾಡುವಂತೆ ಮಾಡಿದರು. ಬಿಳಿ ಕೋಟಿನವರಿಗಿಂತ ಓರಗೆಯವನ ಮುಂದೆ ಹುಡುಗ ಬೇಗ ಬಾಯಿಬಿಡುತ್ತಾನೆ ಎಂಬುದು ಅದರ ಒಳಗಿನ ಯುಕ್ತಿ. ಊರಿನಲ್ಲಿ ಇದ್ದ ಆ ಓರಗೆಯವನು ಬೊರಿವಲಿಯಲ್ಲಿ ಇಲ್ಲ ಎಂಬುದೇ ನಮ್ಮ ಕೊರತೆ.

ಕಾನೂನಿನ ಕಡೆ ನೋಡಿದರೆ ಹದಿನೆಂಟು ವರ್ಷ ಎಂಬುದೊಂದು ಗೋಡೆಯಿದೆ. ಅದರ ಈಚೆಗಿನ ಹುಡುಗನಿಗೆ ರಕ್ಷಣೆ ಬೇಕಾದಷ್ಟಿದೆ. 1924 ರ ಬಾಂಬೆ ಮಕ್ಕಳ ಕಾಯಿದೆಯ ಕಾಲದಿಂದಲೂ ಈ ಊರು ಈ ವಿಷಯದಲ್ಲಿ ಮುಂದಿತ್ತು. 1098 ಎಂಬ ದೂರವಾಣಿಯ ಸೇವೆ 1996 ರಲ್ಲಿ ಹುಟ್ಟಿದ್ದೂ ಮುಂಬಯಿಯ ಟಾಟಾ ಸಂಸ್ಥೆಯಲ್ಲಿಯೇ. 2023 ರಿಂದ ಅದನ್ನು ಸರಕಾರಗಳೇ ವಹಿಸಿಕೊಂಡಿವೆ. 2015 ರ ಬಾಲನ್ಯಾಯ ಕಾಯಿದೆಯಂತೆ, ದಿಕ್ಕಿಲ್ಲದೆ ಸಿಕ್ಕಿದ ಮಗುವನ್ನು ಪ್ರಯಾಣದ ಕಾಲವನ್ನು ಬಿಟ್ಟು 24 ಗಂಟೆಗಳೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಕಂಡೂ ತಿಳಿಸದೆ ಇರುವುದು ತಪ್ಪಾಗುತ್ತದೆಂಬುದನ್ನು ನಾವೂ ನೀವೂ ನೆನಪಿಡಬೇಕು. ಹುಡುಗನನ್ನು ಮರುಕದಿಂದ ಮನೆಯಲ್ಲಿಟ್ಟುಕೊಳ್ಳುವುದಕ್ಕೆ ಮುಂಚೆ ಒಂದು ಫೋನು ಮಾಡತಕ್ಕದ್ದು.

ಗೋಡೆಯ ಆಚೆ, ಅಂದರೆ ಹದಿನೆಂಟು ದಾಟಿದವನಿಗೆ ಏನಿದೆ? ಮಕ್ಕಳ ಗೃಹದಲ್ಲಿ ಬೆಳೆದು ಹೊರಬಿದ್ದವನಿಗೆ ಇಪ್ಪತ್ತೊಂದರವರೆಗೆ ನೆರವು ಕೊಡಬಹುದೆಂದು ಅದೇ ಕಾಯಿದೆ ಹೇಳುತ್ತದೆ. ಹೋಟೆಲಿನ ಅಡಿಗೆಮನೆಯಲ್ಲಿ ಬೆಳೆದವನಿಗೆ ಅದು ಅನ್ವಯಿಸದು. 2014 ರ ರಾಷ್ಟ್ರೀಯ ಯುವನೀತಿ ಹದಿನೈದರಿಂದ ಇಪ್ಪತ್ತೊಂಬತ್ತರವರೆಗಿನವರನ್ನು ತರುಣರೆಂದು ಕರೆದಿದೆ. ಕರೆದರೆ ಸೂರು ಬಂದೀತೆ? ಅವನಿಗೆ ಉಳಿದದ್ದು ಎಲ್ಲರಿಗೂ ಸಾಮಾನ್ಯವಾದ ರಾತ್ರಿ ಆಸರೆಯ ಮನೆಗಳು. ಸರ್ವೋಚ್ಚ ನ್ಯಾಯಾಲಯ 2010 ರಲ್ಲಿ ಇವುಗಳ ಬಗ್ಗೆ ಆಜ್ಞೆ ಮಾಡಿತು. 2013 ರಲ್ಲಿ ಬಂದ ಕೇಂದ್ರದ ಯೋಜನೆಯಲ್ಲಿ ಲಕ್ಷ ಜನಸಂಖ್ಯೆಗೆ ನೂರು ಮಂದಿಯ ಒಂದು ಆಸರೆ ಎಂಬ ಪ್ರಮಾಣ ನಿಗದಿಯಾಯಿತು. ಗುಮಾಸ್ತರಾದ ನಮಗೆ ಲೆಕ್ಕ ಕಷ್ಟವಲ್ಲ. 2011 ರಲ್ಲಿ ಮುಂಬಯಿಯ ಜನಸಂಖ್ಯೆ ಸುಮಾರು 1 ಕೋಟಿ 24 ಲಕ್ಷ. ಅಂದರೆ 124 ಆಸರೆಗಳು, 12,400 ಹಾಸಿಗೆಗಳು. ಎಣಿಕೆಗೆ ಸಿಕ್ಕಿದ ನೆಲೆಯಿಲ್ಲದವರೇ 57 ಸಾವಿರ. ಪ್ರಮಾಣವನ್ನು ಪೂರ್ತಿ ಪಾಲಿಸಿದರೂ ಐವರಲ್ಲಿ ಒಬ್ಬನಿಗೆ ಮಾತ್ರ ಹಾಸಿಗೆ. ಹತ್ತೊಂಬತ್ತರ ಹುಡುಗನು ಕುಡುಕರ, ರೋಗಿಗಳ, ಮುದುಕರ ನಡುವೆ ಆ ಹಾಸಿಗೆಗಾಗಿ ಕಾದು ನಿಲ್ಲುವುದುಂಟೇ? ಅವನು ಕೊನೆಯ ಲೋಕಲ್ ಹೋದ ಮೇಲೆ ಸ್ಟೇಶನ್ನಿನ ಹೊರಗಿನ ಮೆಟ್ಟಲನ್ನೋ, ಹೆದ್ದಾರಿಯ ಮೇಲ್ಸೇತುವೆಯ ಅಡಿಯನ್ನೋ ಹುಡುಕಿಕೊಳ್ಳುತ್ತಾನೆ.

ಹೀಗಿರಲು ಚಿಕ್ಕ ವಾಚನಾಲಯವೊಂದು ಏನು ಮಾಡೀತು ಎಂದು ಕೇಳುವವರಿದ್ದಾರೆ. ವಸತಿಗೃಹ ಕಟ್ಟುವುದು ನಮ್ಮ ಕೈಮೀರಿದ ಮಾತು. ಅದನ್ನು ಸಭೆಯಲ್ಲಿ ಗೊತ್ತುವಳಿ ಮಾಡಿ ಫೈಲಿನಲ್ಲಿ ಇಡುವುದರಿಂದ ಪ್ರಯೋಜನವಿಲ್ಲ. ಆದರೆ ಮೇಲಿನ ಸಂಶೋಧನೆಗಳು ಬೆಲೆಯುಳ್ಳವೆಂದು ತೋರಿಸಿದ ವಸ್ತುಗಳಲ್ಲಿ ಎರಡು ನಮ್ಮಲ್ಲಿ ಈಗಲೇ ಇವೆ: ದಿನಾಲು ಬರುವ ಜಾಗ, ಮತ್ತು ಬಾರದಿದ್ದರೆ ಗುರುತಿಸುವ ಕಣ್ಣು. ಪತ್ರಿಕೆ ಓದದೆ ಸುಮ್ಮನೆ ಫ್ಯಾನಿನ ಕೆಳಗೆ ಕೂಡ್ರುವ, ಬಾಗಿಲು ಹಾಕುವ ಹೊತ್ತಿಗೆ ಕಟ್ಟಕಡೆಗೆ ಏಳುವ, ದೊಡ್ಡ ಚೀಲವನ್ನು ಕಾಲಿನ ಹತ್ತಿರವೇ ಇಟ್ಟುಕೊಳ್ಳುವ ಹುಡುಗರನ್ನು ನಮ್ಮ ವಾಚಕರು ನೋಡಿಯೇ ಇರುತ್ತೀರಿ. ‘ಇದು ಓದುವ ಜಾಗ, ಮಲಗುವ ಜಾಗವಲ್ಲ’ ಎಂದು ಅವರನ್ನು ಏಳಿಸುವ ಮುಂಚೆ ಒಂದು ಮಾತು ಕೇಳಬಹುದು. ಅವನಿಗೆ ಬೇಕಾಗಿರುವುದು ಎಷ್ಟೋ ಸಲ ಹಣವಲ್ಲ. ಇನ್ನೊಂದು ಕೆಲಸ ಸಿಗುವವರೆಗೆ ಹತ್ತು ರಾತ್ರಿಗಳ ಜಾಗ, ಖೋಲಿಯವನ ಹತ್ತಿರ ‘ಇವನು ನಮಗೆ ಗೊತ್ತಿರುವವನು’ ಎಂದು ಹೇಳುವ ಒಬ್ಬ ಹಿರಿಯ, ಬಾಕಿ ಸಂಬಳ ಕೇಳಲು ಜೊತೆಗೆ ಬರುವ ಒಬ್ಬ ಗುಮಾಸ್ತ. ನಾಲ್ಕು ಮಂದಿ ಕೂಡಿ ಹಿಡಿದ ಖೋಲಿಗಳಲ್ಲಿ ಐದನೆಯವನಿಗೆ ಹತ್ತು ದಿನ ಜಾಗ ಕೊಡಬಲ್ಲವರು ನಮ್ಮಲ್ಲಿ ಎಷ್ಟು ಜನ ಇದ್ದಾರೆಂಬುದನ್ನು ಮೊದಲೇ ತಿಳಿದಿಟ್ಟುಕೊಂಡರೆ, ಬೇಕಾದ ರಾತ್ರಿ ಹುಡುಕಬೇಕಾಗುವುದಿಲ್ಲ.

ಇನ್ನೊಂದು ಸಣ್ಣ ಸಂಗತಿ, ಕಾಗದಪತ್ರಗಳದು. ಬೀದಿಯಲ್ಲಿ ಕಳೆದ ಮೊದಲ ರಾತ್ರಿಯೇ ಚೀಲ ಕಳವಾಗುವುದು ಸಾಮಾನ್ಯ. ಚೀಲದೊಡನೆ ಆಧಾರ್, ಶಾಲೆಯ ಸರ್ಟಿಫಿಕೇಟು, ಬ್ಯಾಂಕಿನ ಪುಸ್ತಕ ಎಲ್ಲ ಹೋಗುತ್ತವೆ. ಅವು ಹೋದರೆ ಕೆಲಸವೂ ಇಲ್ಲ, ಖೋಲಿಯೂ ಇಲ್ಲ. ಗೋವೆಯವರ ಕೂಡ್‌ನಲ್ಲಿ ಹಾಸಿಗೆಗಿಂತ ಟ್ರಂಕಿನ ಜಾಗಕ್ಕೆ ಯಾಕೆ ಅಷ್ಟು ಮಹತ್ವವಿತ್ತೆಂಬುದು ಇದರಿಂದ ತಿಳಿಯುತ್ತದೆ. ಬೀಗವಿರುವ ಒಂದು ಕಪಾಟಿನಲ್ಲಿ ಅಂಥವರ ಕಾಗದಗಳನ್ನು ಲಕೋಟೆಯಲ್ಲಿ ಹಾಕಿ, ರಸೀತಿ ಕೊಟ್ಟು, ಕೇಳಿದಾಗ ಹಿಂದಿರುಗಿಸುವುದು ಯಾವ ವಾಚನಾಲಯಕ್ಕೂ ಭಾರವಾಗಲಾರದು. ಪತ್ರಿಕೆಗಳ ಮೇಜಿನ ಮೇಲಿನ ಹಲಗೆಯಲ್ಲಿ ಎರಡು ಸಂಖ್ಯೆಗಳನ್ನು ಕನ್ನಡದಲ್ಲಿ ದಪ್ಪಕ್ಷರದಿಂದ ಬರೆದಿಡಬೇಕು: ಹದಿನೆಂಟರ ಒಳಗಿನವರಿಗೆ 1098, ಮನಸ್ಸು ಕುಗ್ಗಿದ ಯಾವ ಪ್ರಾಯದವರಿಗೂ 14416, ಇದು 2022 ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆ, ಹಗಲೂ ರಾತ್ರಿಯೂ ಪುಕ್ಕಟೆ, ಕನ್ನಡದಲ್ಲಿಯೂ ಮಾತನಾಡುವವರು ಸಿಗುತ್ತಾರೆ.